ನೀಲಿ ಬಾಗಿಲಿಗೂ ಒಂದು ಸೇರು

ವಾಡಿಯಲ್ಲಿ ರೈಲು ಹಳಿಯ ಆಚೆಗಿನ ಆ ಓಣಿಯಲ್ಲಿ ಯಾರ ಮನೆಯ ಲಗ್ನವಾದರೂ ರೊಟ್ಟಿ ಮಾತ್ರ ಓಣಿಯದು. ಲಗ್ನ ವಾರವಿದೆ ಎನ್ನುವಾಗ ಲಗ್ನದ ಮನೆಯ ಯಜಮಾನಿ ಪುಟ್ಟಿ ತುಂಬ ಜೋಳದ ಹಿಟ್ಟು ಹೊತ್ತು ಮನೆ ಮನೆಗೂ ಹೋಗಿ ಒಂದೊಂದು ಸೇರು ಅಳೆದು ಹಾಕುತ್ತಾಳೆ. ಹಾಕಿಸಿಕೊಂಡವಳು ಅದನ್ನು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ ತಿರುಗಿ ತಲುಪಿಸಬೇಕು. ಹಿಟ್ಟು ಬಂತೆಂದರೆ ನಿಮ್ಮದೂ ಒಂದು ಮನೆ ಎಂದು ಓಣಿ ಒಪ್ಪಿತು ಎಂದೇ ಅರ್ಥ. ಬರಲಿಲ್ಲವೆಂದರೆ, ನೀವು ಎಷ್ಟು ವರ್ಷದಿಂದ ಅಲ್ಲಿ ಬಾಡಿಗೆ ಕಟ್ಟುತ್ತಿದ್ದರೂ, ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರ ಲೆಕ್ಕ.

ಅನಸುಬಾಯಿ ಸೊಸೆಯಾಗಿ ಬಂದಾಗಿನಿಂದ ಎಷ್ಟು ಲಗ್ನಗಳ ಹಿಟ್ಟು ಬಡಿದಿದ್ದಾಳೋ ಅವಳ ಅಂಗೈಗೇ ಗೊತ್ತು. ಈಗ ಹಂಚುವ ಸರದಿ ಅವಳದು. ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಮಗ ರತ್ನದೀಪನಿಗೆ ಕುರಕುಂಟಾದ ಆಮ್ರಪಾಲಿ ಗೊತ್ತಾಗಿದ್ದಳು. ಬುದ್ಧವಿಹಾರದ ಮುಂದೆ ಪೆಂಡಾಲು, ಭಿಕ್ಷು ಭಂತೇಜಿಯಿಂದ ಬುದ್ಧವಂದನೆ, ಊಟಕ್ಕೆ ರೊಟ್ಟಿ, ಎಣಗಾಯಿ, ಗೋಧಿ ಹುಗ್ಗಿ. ತಯಾರಿಯೆಲ್ಲ ಸುಸೂತ್ರ ನಡೆಯುತ್ತಿತ್ತು. ಅನಸುಬಾಯಿಗೆ ಮಾತ್ರ ಒಂದು ಚಿಂತೆಯಿತ್ತು, ಅದು ಎದುರು ಸಾಲಿನ ನೀಲಿ ಬಾಗಿಲಿನದು.

ಆ ಬಾಗಿಲೊಳಗೆ ಅವಳ ಹಿರಿಯ ಮಗಳು ಲುಂಬಿನಿ ಇದ್ದಾಳೆ, ಜೊತೆಗೆ ಪ್ರಮಿತಾ ಇದ್ದಾಳೆ. "ನಾವು ಗೆಳತ್ಯಾರಲ್ಲ ಅವ್ವಾ, ನಮ್ಮದು ಸಂಸಾರ" ಎಂದು ಲುಂಬಿನಿ ಮೂರು ವರ್ಷದ ಹಿಂದೆ ಊಟಕ್ಕೆ ಕುಳಿತಾಗಲೇ ಹೇಳಿಬಿಟ್ಟಿದ್ದಳು. ಅವತ್ತು ಅಪ್ಪ ಭಗವಂತ ಅರ್ಧ ಊಟಕ್ಕೇ ಎದ್ದು ಕೈ ತೊಳೆದಿದ್ದ. ಲುಂಬಿನಿಗೆ ಚಿತ್ತಾಪುರದ ಅಂಚೆ ಕಚೇರಿಯಲ್ಲಿ ಕೆಲಸ, ಪ್ರಮಿತಾ ಶಹಾಬಾದಿನ ಶಾಲೆಯೊಂದರಲ್ಲಿ ಗಣಿತದ ಟೀಚರು. ಇಬ್ಬರ ದಾರಿಗೂ ನಡುವೆ ಬೀಳುವುದು ವಾಡಿ, ಅದಕ್ಕೇ ಇಲ್ಲಿ ಮನೆ ಮಾಡಿದೆವು ಎಂದು ಲುಂಬಿನಿ ಹೇಳುತ್ತಾಳೆ. ಅವ್ವನ ಪುಂಡಿಪಲ್ಯ ಬಿಟ್ಟಿರಲಾರದೆ ಮಾಡಿದ್ದಾಳೆ ಎಂದು ಓಣಿ ಹೇಳುತ್ತದೆ. ಓಣಿಯ ಮಾತೇ ಖರೆ.

ಪ್ರಮಿತಾ ಸೇಡಂನ ಪಾಂಡುರಂಗಾಚಾರ್ಯರ ಮಗಳು. ಆ ಮನೆಯ ಬಾಗಿಲು ಅವಳಿಗೆ ಮುಚ್ಚಿದೆ. ಅವಳ ತಾಯಿ ಮಾತ್ರ ಪ್ರತಿ ಏಕಾದಶಿ ಗಂಡ ಮಠಕ್ಕೆ ಹೋದ ವೇಳೆ ನೋಡಿ ಫೋನು ಮಾಡಿ ಊಟ ಆಯಿತೇ ಎಂದು ಕೇಳುತ್ತಾಳೆ. ಉಪವಾಸದವಳು ಊಟದ ವಿಚಾರ ಕೇಳುವುದನ್ನು ನೆನೆದು ಪ್ರಮಿತಾ ನಗುತ್ತಾಳೆ. ನಕ್ಕಾದ ಮೇಲೆ ಮುಂದಿನ ಏಕಾದಶಿ ಯಾವತ್ತೆಂದು ಕ್ಯಾಲೆಂಡರಿನಲ್ಲಿ ನೋಡುತ್ತಾಳೆ.

ಹೋದ ವರ್ಷ ಈ ನೀಲಿ ಬಾಗಿಲಿನ ಮುಂದೆ ದೊಡ್ಡ ಗದ್ದಲವೇ ಆಗಿತ್ತು. ಎಲ್ಲಿಂದಲೋ ಒಂದಿಷ್ಟು ಗಂಡಸರು ಬಂದು, ಮರ್ಯಾದಸ್ಥರ ಓಣಿಯಲ್ಲಿ ಇಂಥವರು ಬೇಡ, ಮನೆ ಖಾಲಿ ಮಾಡಿಸಿ ಎಂದು ಮಾಲೀಕನ ಬೆನ್ನು ಹತ್ತಿದರು. ಮಾಲೀಕ ಆಗಲಿ ಎಂದುಬಿಡುವವನೇ. ಅಷ್ಟರಲ್ಲಿ ಅನಸುಬಾಯಿ ಮೊರ ತುಂಬ ಜೋಳ ತಂದು ಆ ಹೊಸ್ತಿಲಲ್ಲಿ ಕುಳಿತು ಹಸನು ಮಾಡತೊಡಗಿದಳು. ಪಕ್ಕದ ಮನೆಯ ಇಮಾಮ್ಬೀ ತನ್ನ ಅಕ್ಕಿ ತಂದಳು. ನೋಡನೋಡುತ್ತ ಓಣಿಯ ಹೆಂಗಸರೆಲ್ಲ ಮೊರ ಹಿಡಿದು ಮೆಟ್ಟಿಲಿಂದ ಚರಂಡಿಯವರೆಗೆ ಕುಳಿತರು. ಹೆಂಗಸರ ಮೊರ ದಾಟಿ ಒಳಗೆ ಹೋಗುವ ಎದೆ ಯಾವ ಗಂಡಸಿಗೂ ಬರಲಿಲ್ಲ. ಸಂಜೆ ಲುಂಬಿನಿ, ಪ್ರಮಿತಾ ಕೆಲಸದಿಂದ ಬಂದಾಗ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರು ಮತ್ತೆ ಬರಲಿಲ್ಲ. ಅಲ್ಲಿಗೆ ಮುಗಿಯಿತು, ಗೆದ್ದೆವು ಎಂದು ಎಲ್ಲರೂ ಮೊರ ಕೊಡವಿ ಮನೆಗೆ ಹೋದರು.

ಈ ಸಲ ಬಂದವನು ಹೊರಗಿನವನಲ್ಲ. ಭಗವಂತನ ಕಾಕಾನ ಮಗ, ಓಣಿಯ ತುದಿಯ ಮನೆಯ ಸಂಗಣ್ಣ. ಕುರಕುಂಟಾದ ಸಂಬಂಧ ಕುದುರಿಸಿದವನೂ ಅವನೇ, ಬಾಬಾಸಾಹೇಬರ ಜಯಂತಿ ಕಮಿಟಿಯ ಮುಖಂಡನೂ ಅವನೇ. ಚಹಾ ಕುಡಿಯುತ್ತ, ಹುಡುಗಿಯ ಮನೆಯಲ್ಲಿ ಅಜ್ಜಿ ಹಣಮಮ್ಮನ ಮಾತೇ ಮಾತು, ಆಕೆ ಭಾಳ ಖಡಕ್ಕು, ಲುಂಬಿನಿಯ ವಿಷಯ ಗೊತ್ತಾದರೆ ಪೆಂಡಾಲಿನಿಂದಲೇ ಮೊಮ್ಮಗಳನ್ನು ಎಬ್ಬಿಸಿಕೊಂಡು ಹೋದಾಳು ಎಂದು ಹೆದರಿಸಿದ. ಹೆದರಿಸಿ ಆದ ಮೇಲೆ ಅತ್ತಿಗೆಗೆ ಉಪಾಯವನ್ನೂ ಹೇಳಿದ.

"ಎಂಟು ದಿನದ ಮಾತದ ವೈನಿ. ಲುಂಬಿನಿ ಈ ಮನ್ಯಾಗ ಬಂದು ಇರ್ಲಿ. ಆ ಟೀಚರಬಾಯಿ ಗೆಳತಿ ಅಂತ ಬಂದು ಉಂಡು ಹೋಗ್ಲಿ. ಬೀಗರು ಹೋದಮ್ಯಾಲ ನಿಮ್ಮ ಮಗಳು, ನಿಮ್ಮ ಮಾತು."

ಭಗವಂತ ಹ್ಞೂಂ ಎಂದ. ಅವನು ಈಗ ಮಗಳೊಡನೆ ಮಾತಾಡುತ್ತಿದ್ದ, ಪ್ರಮಿತಾ ಎದುರಾದರೆ ಗಂಟಲು ಸರಿಮಾಡಿಕೊಳ್ಳುವಷ್ಟು ಸಲಿಗೆಯೂ ಬಂದಿತ್ತು. ಆದರೆ ಮಗನ ಲಗ್ನ ಮುರಿಯುವ ಮಾತು ಬಂದಾಗ ಹೆದರಿದ. ಅನಸುಬಾಯಿಯೂ ಹೆದರಿದಳು, ಸುಳ್ಳೇಕೆ.

ಹಾಗಾಗಿ ಹಿಟ್ಟು ಹಂಚುವ ದಿನ ಅವಳು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಬುದ್ಧಿ ಮಾಡಿದಳು. ಓಣಿಯ ಎರಡೂ ಸಾಲಿನ ಬಾಗಿಲುಗಳಿಗೆ ಒಂದೊಂದು ಸೇರು ಹಾಕಿದಳು. ನೀಲಿ ಬಾಗಿಲಿನ ಮುಂದೆ ನಿಲ್ಲದೆ ಬಂದು, ಆ ಪಾಲಿನ ಸೇರನ್ನು ತನ್ನ ಮನೆಯ ಡಬ್ಬಿಗೇ ಸುರಿದುಕೊಂಡಳು. ಕೇಳಿದರೆ, ನೀ ನಮ್ಮ ಮನೆಯವಳೇ ಅಲ್ಲವೇ, ನಿನಗೇನು ಬೇರೆ ಹಿಟ್ಟು ಎಂದರಾಯಿತು. ಪ್ರೀತಿಯ ಮಾತಿನ ಹಾಗೂ ಇರುತ್ತದೆ.

ಸಂಜೆ ಲುಂಬಿನಿ ಬಂದಳು. ಎಲ್ಲರೂ ಊಟಕ್ಕೆ ಕುಳಿತಿದ್ದರು. ಅವಳು ತಟ್ಟೆ ತೆಗೆದುಕೊಳ್ಳಲಿಲ್ಲ.

"ಅವ್ವಾ, ನಮ್ಮ ಹಿಟ್ಟು ಎಲ್ಲದ?"

ಅನಸುಬಾಯಿ ತಯಾರಿಟ್ಟಿದ್ದ ಪ್ರೀತಿಯ ಮಾತು ಹೇಳಿದಳು. ಲುಂಬಿನಿ ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಇಮಾಮ್ಬೀಯ ಮಗಳು ಲಗ್ನವಾಗಿ ಇದೇ ಓಣಿಯಲ್ಲಿ ಬೇರೆ ಮನೆ ಮಾಡಿದ್ದಾಳಲ್ಲ, ಅವಳ ಹಿಟ್ಟನ್ನೂ ಇಮಾಮ್ಬೀಯ ಡಬ್ಬಿಗೇ ಹಾಕಿದೆಯಾ ಎಂದು ಕೇಳಿದಳು. ಭಗವಂತ ನಡುವೆ ಬಾಯಿ ಹಾಕಿ, ಬೀಗರು ಹೋಗುವ ತನಕ ಸ್ವಲ್ಪ ತಡೆದುಕೋ, ಆಕಾಶವೇನೂ ಬೀಳುವುದಿಲ್ಲ ಎಂದ.

"ಆಕಾಶ ಬೀಳಂಗಿಲ್ಲ ಅಪ್ಪಾ, ನಾವು ಬೀಳ್ತೀವಿ" ಎಂದಳು ಲುಂಬಿನಿ. "ಕೋರ್ಟಿನವರು ಇಬ್ಬರೂ ಜೋಡಿ ಇರ್ರಿ, ಗುನ್ಹೆ ಅಲ್ಲ ಅಂದಾರ. ಲಗ್ನದ ಹಕ್ಕು ಮಾತ್ರ ನಮ್ಮ ಕೈಯಾಗಿಲ್ಲ ಅಂದಾರ. ಅದರ ಜಗಳ ಬ್ಯಾರೆ ಅದ, ಅದನ್ನ ನಾವು ಮಾಡ್ಲಿಕತ್ತೀವಿ. ಹಿಟ್ಟು ಕೊಡೋದು ಅವ್ವನ ಕೈಯಾಗ ಅದಲ್ಲ?"

ತಮ್ಮನ ಲಗ್ನಕ್ಕೆ ಖಂಡಿತ ಬರುತ್ತೇನೆ, ಅಕ್ಷತೆ ಹಾಕಿ ಫೋಟೋ ತೆಗೆಸಿಕೊಂಡು ಹೊರಡುತ್ತೇನೆ, ಪ್ರಮಿತಾ ಬರುವುದಿಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಅಕ್ಕ ಹೋದ ಮೇಲೆ ರತ್ನದೀಪ ತಟ್ಟೆ ಸರಿಸಿದ. ಅಂದಿನ ಬದನೆಕಾಯಿ ಪಲ್ಯ ಯಾರಿಗೂ ರುಚಿಸಲಿಲ್ಲ. ಅನಸುಬಾಯಿಗಂತೂ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಮರುದಿನ ಬೆಳಿಗ್ಗೆ ಇಮಾಮ್ಬೀ ಬಂದಳು. ರೊಟ್ಟಿ ಇಷ್ಟು ಬೇಗ ಆಯಿತೇ ಎಂದುಕೊಂಡು ಅನಸುಬಾಯಿ ಎದ್ದು ನೋಡಿದರೆ, ಪುಟ್ಟಿಯಲ್ಲಿ ಹಿಟ್ಟು ಹಾಕಿದ ಹಾಗೆಯೇ ಇತ್ತು. ಇಮಾಮ್ಬೀ ಅದನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ಮನೀಗಿ ಇಲ್ಲದ್ದು ನನ್ನ ಒಲಿಗೂ ಬ್ಯಾಡ" ಎಂದಳು. "ಹೋದ ವರ್ಷ ಹೊರಗಿನ ಮಂದಿ ಬಂದಾಗ ಆ ಹೊಸ್ತಲದಾಗ ನನಗಿಂತ ಮೊದಲ ನೀ ಕುಂತಿದ್ದಿ ಅನಸುಬಾಯಿ. ಈಗ ಒಳಗಿನ ಮಂದಿ ಬಂದಾರ. ಈಗ ಎಲ್ಲಿ ಕುಂದ್ರತಿ?"

ಅಷ್ಟು ಹೇಳಿ, ಚಹಾ ಇದೆಯೇನು ಎಂದು ಕೇಳಿ, ಒಳಗೆ ಬಂದು ಕುಡಿದೇ ಹೋದಳು. ಜಗಳ ಬೇರೆ, ಚಹಾ ಬೇರೆ. ಅವಳ ಹಿಂದೆ ಇನ್ನೂ ಕೆಲವರು ಹಿಟ್ಟು ತಂದಿಟ್ಟರು. ಎಲ್ಲರೂ ತರಲಿಲ್ಲ, ಮೂಗು ಮುರಿದು ಒಳಗೊಳಗೇ ನಕ್ಕವರೂ ಇದ್ದರು. ಆದರೆ ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲಿನ ಪುಟ್ಟಿಗಳನ್ನು ನೋಡಿ ಅನಸುಬಾಯಿಗೆ ಅಳುವೂ ಬಂತು, ನಗುವೂ ಬಂತು. ಮಗಳಿಗೆ ಇಷ್ಟು ಜನ ಇದ್ದಾರೆ ಎಂದು ಹಿಗ್ಗು. ಆ ಜನರಲ್ಲಿ ತಾನಿಲ್ಲ ಎಂದು ನಾಚಿಕೆ.

ಭಗವಂತ ಹಿಟ್ಟಿನ ಪುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಬೀಡಿ ಹಚ್ಚಿದ. ಅವನು ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗೇಟಿನ ಕಥೆ ಹೇಳದೆ ಅವನಿಗೆ ಊಟ ಇಳಿಯುವುದಿಲ್ಲ. ಒಂದು ಗಾಡಿ ಹೋದೊಡನೆ ಆಚೆ ಈಚೆ ನಿಂತ ಮಂದಿ, ಗಾಡಿ ಹೋಯಿತಲ್ಲ, ಗೇಟ್ ತೆಗಿ ಎಂದು ಹಾರ್ನ್ ಬಾರಿಸುತ್ತಾರೆ. ಇನ್ನೊಂದು ಲೈನಿನಲ್ಲಿ ಎದುರಿನಿಂದ ಬರುವ ಗಾಡಿ ಅವರಿಗೆ ಕಾಣುವುದಿಲ್ಲ. ಕಾಣದ ಗಾಡಿಯನ್ನು ಕಾಯುವವನಿಗೇ ಸರ್ಕಾರ ಪಗಾರ ಕೊಡುತ್ತದೆ. ಇದು ಅವನ ಕಥೆ. ಮನೆಯವರಿಗೆ ಬಾಯಿಪಾಠ.

"ಏನ್ರಿ," ಎಂದಳು ಅನಸುಬಾಯಿ, "ಹೋದ ವರ್ಷ ಒಂದು ಗಾಡಿ ಹೋತು ಅಂತ ಗೇಟ್ ತೆಗದು ಕುಂತೇವಲ್ರಿ. ಇನ್ನೊಂದು ಲೈನ್ ನೋಡಿದ್ರೇನು?"

ಭಗವಂತ ಬೀಡಿ ಎಳೆಯುವುದನ್ನು ಮರೆತ. ಅದು ರೈಲಿನ ವಿಷಯ, ಇದು ಲಗ್ನದ ವಿಷಯ ಎಂದು ಗೊಣಗಿದ. ಗೊಣಗಿನಲ್ಲಿ ಜೋರಿರಲಿಲ್ಲ. ಆಗ ಒಳಗಿನಿಂದ ರತ್ನದೀಪ ಬಂದು ಬಾಗಿಲಲ್ಲಿ ನಿಂತ. ಹುಡುಗ ಒಳ್ಳೆಯವನು, ಆದರೆ ಯಾವ ಮಾತನ್ನೂ ಹೊತ್ತಿಗೆ ಸರಿಯಾಗಿ ಹೇಳಿದವನಲ್ಲ.

"ಅವ್ವಾ, ಆಮ್ರಪಾಲಿಗಿ ನಾ ನಿಶ್ಚಯ ಆದ ವಾರದಾಗೇ ಹೇಳೀನಿ."

"ಅಯ್ಯ ನಿನ್ನ, ಏನಂದಳು?"

"ಇಬ್ಬರದಾಗ ಸ್ಕೂಟಿ ಹೊಡ್ಯಾಕ ಯಾರಿಗಿ ಬರ್ತದ, ನನಗ ಕಲಸ್ತಾರೇನು ಅಂದಳು."

ಇದನ್ನು ಮೊದಲೇ ಬೊಗಳಬಾರದಿತ್ತೇ ಎಂದು ಅನಸುಬಾಯಿ ಮಗನಿಗೆ ಛೀಮಾರಿ ಹಾಕಿದಳು. ಅಜ್ಜಿಗೆ ಗೊತ್ತೇ ಎಂದು ಭಗವಂತ ಕೇಳಿದ್ದಕ್ಕೆ, ಇಲ್ಲ, ಅಜ್ಜಿಗೆ ಹೇಳಲು ಆಮ್ರಪಾಲಿಗೂ ಹೆದರಿಕೆ ಎಂದ ರತ್ನದೀಪ. ಅಂದರೆ ಕತ್ತಿ ತೂಗುತ್ತಲೇ ಇತ್ತು. ಆದರೂ ಅನಸುಬಾಯಿ ಎದ್ದು ಡಬ್ಬಿಯಿಂದ ಒಂದು ಸೇರು ತುಂಬಿ ಪುಟ್ಟಿಗೆ ಹಾಕಿ, ಓಣಿಯ ನಡುವೆ ಎಲ್ಲರೂ ನೋಡುವ ಹಾಗೆ ನಡೆದು ನೀಲಿ ಬಾಗಿಲು ಬಡಿದಳು.

ಬಾಗಿಲು ತೆಗೆದವಳು ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಪ್ರಮಿತಾ. ಅನಸುಬಾಯಿ ಪಾತ್ರೆ ತರಹೇಳಿ, ಎಲ್ಲರಿಗೆ ಹೇಳುವ ಹಾಗೆಯೇ ಹೇಳಿದಳು, "ನಮ್ಮ ಮಗನ ಲಗ್ನ ಅದ. ನಿಮ್ಮ ಮನೀ ರೊಟ್ಟಿ ಕಳಸ್ರಿ."

ಪ್ರಮಿತಾ ಹಿಟ್ಟು ಹಾಕಿಸಿಕೊಂಡು ನಿಂತೇ ಇದ್ದಳು. ಕಣ್ಣು ತುಂಬಿತ್ತು. ಅನಸುಬಾಯಿ, ತಪ್ಪಾಯಿತು ತಾಯಿ ಎನ್ನಬೇಕೆನ್ನುವಷ್ಟರಲ್ಲಿ ಪ್ರಮಿತಾ ದನಿ ತಗ್ಗಿಸಿ ಕೇಳಿದಳು, "ಆಂಟಿ, ಇದಕ್ಕ ನೀರು ಬಿಸಿ ಹಾಕಬೇಕೋ, ತಣ್ಣಂದೋ?"

ಸೇಡಂನ ಆಚಾರ್ಯರ ಮನೆಯಲ್ಲಿ ಅನ್ನ ಸಾರು ನಡೆದಿತ್ತು, ರೊಟ್ಟಿ ಬಡಿಯಲು ಅಡುಗೆಯವಳಿದ್ದಳು. ಲುಂಬಿನಿ ಅವ್ವನ ರೊಟ್ಟಿ ತಿಂದೇ ಬೆಳೆದವಳು, ಒಂದು ದಿನವೂ ಕೈ ಹಾಕಿದವಳಲ್ಲ. ಅಷ್ಟು ಹಟ ಮಾಡಿ ಹಿಟ್ಟು ಕೇಳಿದ ಮನೆಯಲ್ಲಿ ಬಡಿಯುವವರೇ ಇರಲಿಲ್ಲ. ಅನಸುಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆ ಇಮಾಮ್ಬೀಯನ್ನೂ ಕರೆದುಕೊಂಡು ಬಂದು ಕಲಿಸಲು ಕುಳಿತಳು. ಕುದಿಯುವ ಎಸರು ಹಾಕಿ ಹಿಟ್ಟು ನಾದುವುದು, ಪರಾತದ ಅಗಲ ತಟ್ಟೆಯಲ್ಲಿ ಬಡಿಯುತ್ತ ತಿರುಗಿಸುವುದು, ತವಾದ ಮೇಲೆ ನೀರು ಸವರುವುದು. ಪ್ರಮಿತಾಳ ರೊಟ್ಟಿ ಅಂಗೈ ದಪ್ಪ ಬಂತು. ಲುಂಬಿನಿಯದು ಬಡಿಯುತ್ತಲೇ ಹರಿದು ಎರಡಾಯಿತು. ಇಮಾಮ್ಬೀ ಅವುಗಳನ್ನು ಎತ್ತಿ ಹಿಡಿದು, ಸಿಮೆಂಟ್ ಹಾಕಿ ಹಚ್ಚಿದರೆ ಗಟ್ಟಿಯಾದೀತು ಎಂದಳು. ತಾವು ಬಡಿದು ಕೊಡುತ್ತೇವೆ ಬಿಡಿ ಎಂದರೆ ಇಬ್ಬರೂ ಒಪ್ಪಲಿಲ್ಲ. ನಮ್ಮ ಮನೆಯ ರೊಟ್ಟಿ ನಮ್ಮ ಕೈಯದೇ ಹೋಗಬೇಕು ಎಂದು ಹಟ ಹಿಡಿದರು.

ಕಟ್ಟೆಯ ಮೇಲಿನ ಪುಟ್ಟಿಗಳು ಅವತ್ತೇ ತಿರುಗಿ ಮನೆ ಸೇರಿದವು. ಸಂಗಣ್ಣ ಮಾತ್ರ, ಲಗ್ನ ಮುರಿದರೆ ನನ್ನನ್ನು ಕೇಳಬೇಡಿ ಎಂದು ಮುಖ ಊದಿಸಿಕೊಂಡು ತಿರುಗಾಡಿದ.

ಲಗ್ನದ ದಿನ ವಂದನೆ ಚೆನ್ನಾಗಿಯೇ ಆಯಿತು. ಲುಂಬಿನಿ, ಪ್ರಮಿತಾ ಇಬ್ಬರೂ ಒಂದೇ ಬಣ್ಣದ ಇಳಕಲ್ ಸೀರೆ ಉಟ್ಟು ಬಂದರು. ಕುರಕುಂಟಾದವರಲ್ಲಿ ಗುಸುಗುಸು ಶುರುವಾಯಿತು. ಊಟದ ಪಂಕ್ತಿಯಲ್ಲಿ ಹಣಮಮ್ಮ ನಡುವೆ ಕುಳಿತಿದ್ದಳು, ಒಣಗಿದ ಮುದುಕಿ, ಮೂಗಿನಲ್ಲಿ ದೊಡ್ಡ ನತ್ತು. ಓಣಿಯ ರೊಟ್ಟಿಯೆಲ್ಲ ಒಂದೇ ಪುಟ್ಟಿಯಲ್ಲಿ ಬೆರೆತಿದ್ದವು. ವಿಧಿಯೋ ಬಡಿಸಿದವರ ಕೈಗುಣವೋ, ಅವಳ ಎಲೆಗೇ ಆ ಅಂಗೈ ದಪ್ಪದ ರೊಟ್ಟಿ ಬಿತ್ತು. ಮುದುಕಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ಯಾರ ಮನೀ ರೊಟ್ಟಿ?"

ಸಂಗಣ್ಣ ಓಡಿ ಬಂದು, ಹೋಟೆಲಿನದು ಅಜ್ಜಿ, ಕಡಿಮೆ ಬಿದ್ದೀತೆಂದು ತರಿಸಿದೆವು ಎಂದ. ಅನಸುಬಾಯಿಯ ಕೈಯಲ್ಲಿ ಪಲ್ಯದ ಬಕೆಟ್ಟಿತ್ತು. ಮಗ ಪೆಂಡಾಲಿನಲ್ಲಿ ಬಾಸಿಂಗ ಬಿಚ್ಚದೆ ಕುಳಿತಿದ್ದ. ಮಗಳೂ ಪ್ರಮಿತಾಳೂ ಹುಗ್ಗಿಯ ಪಾತ್ರೆ ಹಿಡಿದು ಪಂಕ್ತಿಯ ತುದಿಯಲ್ಲಿ ನಿಂತಿದ್ದರು.

"ಹೋಟೆಲಿಂದಲ್ರಿ ಅವ್ವಾರ" ಎಂದಳು ಅನಸುಬಾಯಿ. "ನನ್ನ ಮಗಳ ಮನೀದು. ಅಕಾ ಅಲ್ಲಿ ಹುಗ್ಗಿ ನೀಡಾಕತ್ತಾರ ನೋಡ್ರಿ, ಲುಂಬಿನಿ ಮತ್ತ ಪ್ರಮಿತಾ. ಇಬ್ಬರೂ ಜೋಡಿ ಸಂಸಾರ ಮಾಡ್ಯಾರ. ಆ ಮನೀ ರೊಟ್ಟಿ ಅದು."

ಹಣಮಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಇಬ್ಬರನ್ನೂ ನೋಡಿದಳು. ಒಬ್ಬಳಾದ ಮೇಲೆ ಒಬ್ಬಳನ್ನು, ಕಾಲಿನಿಂದ ತಲೆಯವರೆಗೆ. ಕುರಕುಂಟಾದ ಸೋದರಮಾವನೊಬ್ಬ ಎಲೆ ಬಿಟ್ಟು ಎದ್ದು ನಿಂತ. ಮುದುಕಿ ರೊಟ್ಟಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು.

"ಮನ್ಯಾಗ ಇಬ್ಬಿಬ್ಬರು ಹೆಣ್ಣಮಕ್ಕಳದಾರ, ಒಬ್ಬಾಕಿಗೂ ರೊಟ್ಟಿ ಬಡ್ಯಾಕ ಬರಂಗಿಲ್ಲೇನು?"

ಮೊದಲು ನಕ್ಕವಳು ಮದುಮಗಳು. ಆಮೇಲೆ ಇಮಾಮ್ಬೀ, ಆಮೇಲೆ ಇಡೀ ಪಂಕ್ತಿ. ಪ್ರಮಿತಾ ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎದ್ದ ಸೋದರಮಾವ ಮತ್ತೆ ಕುಳಿತುಕೊಳ್ಳಲಿಲ್ಲ, ಉಣ್ಣದೆಯೇ ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು. ಹೋಗುವವರನ್ನು ಹಣಮಮ್ಮ ತಡೆಯಲಿಲ್ಲ, ಹಸಿದಾಗ ಬರುತ್ತಾರೆ ಬಿಡು ಎಂದು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದಳು. ದಪ್ಪವಿದೆ, ಆದರೆ ಒಳಗೆ ಒಣಗದೆ ಮೆತ್ತಗಿದೆ, ತನ್ನ ಬಾಯಲ್ಲಿ ಉಳಿದ ಹಲ್ಲಿಗೆ ಇದೇ ಒಳ್ಳೆಯದು, ಇನ್ನೊಂದು ಇದ್ದರೆ ತನ್ನಿ ಎಂದಳು. ನೀರು ಹಾಕುತ್ತಿದ್ದ ಭಗವಂತ ತಂಬಿಗೆ ಕೆಳಗಿಟ್ಟು ಪುಟ್ಟಿಯಲ್ಲಿ ಕೈಯಾಡಿಸಿ, ದಪ್ಪನೆಯದನ್ನೇ ಹುಡುಕಿ ತಂದು ಅವಳ ಎಲೆಗೆ ಹಾಕಿದ.

ಸೊಸೆ ಮನೆ ತುಂಬಿದಳು. ಆಮ್ರಪಾಲಿ ಪ್ರಮಿತಾಳ ಸ್ಕೂಟಿ ಕಲಿಯುತ್ತ ಓಣಿಯ ಕೋಳಿಗಳಿಗೆಲ್ಲ ಜೀವಭಯ ಹುಟ್ಟಿಸಿದಳು. ಭಾನುವಾರ ಎರಡೂ ಮನೆಯ ಅಡುಗೆ ಒಂದೇ ಕಡೆ ಆಗತೊಡಗಿತು. ಪ್ರಮಿತಾ ತವಾದ ಮುಂದೆ ಕುಳಿತು, "ಅತ್ತಿ, ಇದು ತೆಳ್ಳಗದ ನೋಡ್ರಿ" ಎಂದು ಕರೆಯುತ್ತಿದ್ದಳು. ಆಂಟಿ ಯಾವಾಗ ಅತ್ತಿಯಾಯಿತೋ ಅನಸುಬಾಯಿ ಗಮನಿಸಲಿಲ್ಲ. ಇನ್ನೇನು, ಎಲ್ಲ ನೆಟ್ಟಗಾಯಿತು ಎಂದುಕೊಂಡಳು.

ಏಪ್ರಿಲ್ ಬಂತು. ಬಾಬಾಸಾಹೇಬರ ಜಯಂತಿಗೆ ವಿಹಾರದಲ್ಲಿ ಊಟ, ಅದಕ್ಕೂ ಓಣಿಯದೇ ರೊಟ್ಟಿ. ಕಮಿಟಿಯ ಪರವಾಗಿ ಸಂಗಣ್ಣನೇ ಕೈಗಾಡಿಯಲ್ಲಿ ಚೀಲ ಹೇರಿಕೊಂಡು ಹಿಟ್ಟು ಹಂಚುತ್ತ ಬಂದ. ಸಂಜೆ ಮನೆ ಮನೆಗೆ ಬಂದು ರೊಟ್ಟಿ ಒಯ್ಯುವವನೂ ಅವನೇ. ಅನಸುಬಾಯಿ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಭಗವಂತ ಕಣ್ಣು ಮುಚ್ಚಿ ಕುಳಿತಿದ್ದ, ನಿದ್ದೆಯೆಂದೇ ಅವಳು ತಿಳಿದಿದ್ದಳು. ಸಂಗಣ್ಣ ಅನಸುಬಾಯಿಯ ಬಾಗಿಲಿಗೆ ಹಾಕಿದ, ಇಮಾಮ್ಬೀಯ ಬಾಗಿಲಿಗೆ ಹಾಕಿದ, ಎದುರು ಸಾಲಿಗೆ ತಿರುಗಿದ. ನೀಲಿ ಬಾಗಿಲಿನ ಮುಂದೆ ಕೈಗಾಡಿ ನಿಲ್ಲದೆ ಮುಂದೆ ಉರುಳಿತು.

ಅನಸುಬಾಯಿ ಹುಣಸೆಹಣ್ಣಿನ ಕೈಯಲ್ಲೇ ಏಳುವಷ್ಟರಲ್ಲಿ ಭಗವಂತ ಎದ್ದು ಓಣಿಯ ನಡುವೆ ನಿಂತಿದ್ದ. ಗಾಡಿ ನಿಲ್ಲಿಸುವ ಹಳೆಯ ರೂಢಿಯಲ್ಲಿ ಕೈ ಎತ್ತಿದ್ದ.

"ಏ ಸಂಗಣ್ಣ, ನಿಂದ್ರು. ಒಂದು ಮನಿ ಉಳದದ."

ಸಂಗಣ್ಣ ಹಲ್ಲು ಕಿರಿದ. "ಮರತೆ ನೋಡು ಭಗವಂತಣ್ಣ."

"ಮರೀತಿ ಅಂತೇ ಇಲ್ಲಿ ಕುಂತೀನಿ."

ಸಂಗಣ್ಣ ಕೈಗಾಡಿ ಹಿಂದಕ್ಕೆ ತಂದ. ನೀಲಿ ಬಾಗಿಲು ತೆರೆಯಿತು. ಪ್ರಮಿತಾ ಪಾತ್ರೆ ಹಿಡಿದು ನಿಂತಳು. ಅವನು ಒಂದು ಸೇರು ಹಾಕಿ ಹೊರಡಬೇಕೆನ್ನುವಾಗ, ಇನ್ನೊಂದು ಸೇರು ಹಾಕಿರಿ ಕಾಕಾ, ಈಗ ನಮಗೆ ಬಡಿಯಲು ಬರುತ್ತದೆ ಎಂದು ಅವಳು ಪಾತ್ರೆ ಹಿಂದಕ್ಕೆಳೆಯಲೇ ಇಲ್ಲ. ಅವನು ಹಾಕಿದ.

ಕೈಗಾಡಿ ಓಣಿಯ ತಿರುವು ದಾಟಿ ಹೋಯಿತು. ಅನಸುಬಾಯಿ ಒಳಗೆ ಚಹಾ ಇಟ್ಟು ಗಂಡನನ್ನು ಕರೆದಳು. ಭಗವಂತ ಕಟ್ಟೆ ಬಿಟ್ಟು ಏಳಲಿಲ್ಲ.

"ಹಿಟ್ಟು ಹೋತು, ಖರೆ. ಸಂಜೀಕ ರೊಟ್ಟಿ ಒಯ್ಯಾಕ ಬರ್ತಾನೋ ಇಲ್ಲೋ, ಅದನ್ನೂ ನೋಡಬೇಕಲ್ಲ" ಎಂದ.

ಅನಸುಬಾಯಿ ಚಹಾವನ್ನು ಕಟ್ಟೆಗೇ ತಂದಳು. ತನ್ನ ಬಟ್ಟಲೂ ತಂದು ಅವನ ಪಕ್ಕದಲ್ಲಿ ಕುಳಿತಳು. ಎದುರು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರತೊಡಗಿತು.